ಗಾಡಿ ಕಲಿತೆವು, ಲೈಸೆನ್ಸ್ ಪಡೆದೆವು

ನಾವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹೆಂಗಸರು. ನಮ್ಮಲ್ಲಿ ಡೈರಿಗೆ ಹಾಲು ಹಾಕುವವರು ಇದ್ದೇವೆ. ಟೊಮೆಟೊ ಬಿಡಿಸುವವರು ಇದ್ದೇವೆ. ರೇಷ್ಮೆ ಹುಳು ಸಾಕುವವರು ಇದ್ದೇವೆ. ಇಟ್ಟಿಗೆ ಕೆಲಸಕ್ಕೆ ಹೋಗುವವರೂ ಇದ್ದೇವೆ. ದೊಡ್ಡವರಾದ ಮೇಲೆ ಅಕ್ಷರ ಕಲಿತವರು ನಾವು. ಅಕ್ಷರ ಕಲಿತ ಮೇಲೆ ಗಾಡಿ ಕಲಿತೆವು. ಹೇಗೆ ಕಲಿತೆವು, ಲೈಸೆನ್ಸ್ ಹೇಗೆ ಪಡೆದೆವು ಅನ್ನೋದನ್ನ ಈ ಪಾಠದಲ್ಲಿ ಹೇಳುತ್ತೇವೆ.

ಗಾಡಿ ಇತ್ತು, ಓಡಿಸೋರು ಇರಲಿಲ್ಲ

ನಮ್ಮಲ್ಲಿ ಒಬ್ಬಾಕೆ ಶ್ರೀನಿವಾಸಪುರದ ಕಡೆಯವಳು. ಅವಳ ಗಂಡನಿಗೆ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಕೆಲಸ. ಅವತ್ತು ಮಗಳಿಗೆ ಹತ್ತನೇ ತರಗತಿ ಪರೀಕ್ಷೆ. ತಾಯಿ ಮಗಳು ಬೆಳಿಗ್ಗೆಯೇ ಬಂದು ರಸ್ತೆಯಲ್ಲಿ ನಿಂತರು. ಬಸ್ಸು ಬರಲಿಲ್ಲ. ಅರ್ಧ ಗಂಟೆ ಕಳೆಯಿತು. ಆಗಲೂ ಬರಲಿಲ್ಲ.

ಮನೆ ಅಂಗಳದಲ್ಲಿ ಗಾಡಿ ನಿಂತಿತ್ತು. ಕೀ ಗೂಟದಲ್ಲಿ ನೇತಾಡುತ್ತಿತ್ತು. ಓಡಿಸೋರು ಇರಲಿಲ್ಲ.

ಕೊನೆಗೆ ಟೊಮೆಟೊ ತುಂಬಿದ ಟೆಂಪೊ ಒಂದು ಬಂತು. ಕೈ ಕಾಲು ಹಿಡಿದು ಅದರಲ್ಲಿ ಹತ್ತಿದರು. ಗೇಟು ಮುಚ್ಚೋ ಹೊತ್ತಿಗೆ ಹೋಗಿ ಸೇರಿದರು. ಹುಡುಗಿ ಅಳುತ್ತಲೇ ಪರೀಕ್ಷೆ ಬರೆದಳು. ಅವತ್ತು ಸಂಜೆ ಕಲಿಕಾ ಕೇಂದ್ರಕ್ಕೆ ಬಂದ ಆ ತಾಯಿ ಪುಸ್ತಕ ತೆಗೆಯಲಿಲ್ಲ. "ನನಗೆ ಗಾಡಿ ಕಲಿಸಿ" ಅಂದಳು.

ಕೆಲವರು ನಕ್ಕರು. "ಈ ವಯಸ್ಸಿಗೆ ಬಿದ್ದು ಕೈ ಕಾಲು ಮುರಕೊಂಡ್ರೆ ಏನು ಗತಿ?" ಅಂತ ಅಜ್ಜಿಯೊಬ್ಬರು ಕೇಳಿದರು. "ಹೆಂಗಸರು ಗಾಡಿ ಓಡಿಸಿದರೆ ಊರವರು ಏನಂತಾರೆ?" ಅಂತ ಇನ್ನೊಬ್ಬರು ಕೇಳಿದರು. ಅಕ್ಷರ ಕಲಿಯೋಕೆ ಹೊರಟಾಗಲೂ ಜನ ಇದೇ ಮಾತು ಆಡಿದ್ದರು. ಹಾಗಾಗಿ ಈ ಮಾತು ನಮಗೆ ಹೊಸದಾಗಿರಲಿಲ್ಲ.

ನಮಗಿಂತ ಮುಂಚೆ ಕಲಿತವರು

ಆಗ ನಮ್ಮ ಶಿಕ್ಷಕಿ ಒಂದು ನಿಜ ಸಂಗತಿ ಹೇಳಿದರು. ತಮಿಳುನಾಡಿನಲ್ಲಿ ಪುದುಕ್ಕೋಟೈ ಅಂತ ಒಂದು ಜಿಲ್ಲೆ ಇದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ದೊಡ್ಡ ಸಾಕ್ಷರತಾ ಆಂದೋಲನ ನಡೆಯಿತು. ಶೀಲಾ ರಾಣಿ ಚುಂಕತ್ ಅನ್ನುವವರು ಆಗ ಅಲ್ಲಿ ಜಿಲ್ಲಾಧಿಕಾರಿ ಆಗಿದ್ದರು. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಲಾಯಿತು. ಕಲ್ಲು ಕ್ವಾರಿಯಲ್ಲಿ ದುಡಿಯುವ ಹೆಂಗಸರು ಸೈಕಲ್ ಕಲಿತರು. ಹೊಲದ ಕೆಲಸದವರು ಕಲಿತರು. ಅಂಗನವಾಡಿಯವರು ಕಲಿತರು. ಸಾವಿರಾರು ಹೆಂಗಸರು ಸೈಕಲ್ ಏರಿದರು. ಅಲ್ಲಿಯೂ ಮೊದಮೊದಲು ಜನ ಆಡಿಕೊಂಡರು. ಆಮೇಲೆ ಅದೇ ಜನ ದಾರಿ ಬಿಟ್ಟರು.

ಗಾಡಿಗಳು ನಮಗೇನು ದೂರದವಲ್ಲ. ಮಾಲೂರಿನಿಂದ ಆಚೆ ಹೋದರೆ ಹೊಸೂರು. 1980ರಲ್ಲಿ ಟಿವಿಎಸ್ 50 ಮೊಪೆಡ್ ಬಂದದ್ದು ಅಲ್ಲಿಂದ. ನಮ್ಮ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಹೋಂಡಾ ಕಂಪನಿ ಗಾಡಿಗಳನ್ನು ತಯಾರು ಮಾಡುತ್ತಿದೆ. ನಮ್ಮ ನೆಲದಲ್ಲೇ ಗಾಡಿ ತಯಾರಾಗುತ್ತೆ. ನಮಗೆ ಅದನ್ನ ಓಡಿಸೋಕೆ ಬರೋದಿಲ್ಲ ಅಂದರೆ ಹೇಗೆ?

ಲೈಸೆನ್ಸ್ ಯಾಕೆ ಬೇಕು?

"ನಾನು ಹೋಗೋದು ಡೈರಿ ತನಕ. ಅದಕ್ಕೂ ಲೈಸೆನ್ಸ್ ಬೇಕಾ?" ಅಂತ ನಮ್ಮಲ್ಲಿ ಹಲವರು ಕೇಳಿದರು. ಆಗ ಮುಳಬಾಗಿಲು ಕಡೆಯ ಅಕ್ಕ ಒಬ್ಬರು ತಮ್ಮ ಕಥೆ ಹೇಳಿದರು.

ಅವರು ಎರಡು ವರ್ಷ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ್ದರು. ಒಂದು ದಿನ ಸಂಜೆ ಊರ ಮುಂದೆ ಒಬ್ಬ ಮುದುಕರು ರಸ್ತೆ ದಾಟುತ್ತಿದ್ದರು. ಗಾಡಿ ಅವರಿಗೆ ತಗುಲಿತು. ಮುದುಕರ ಕಾಲು ಮುರಿಯಿತು. ಗಾಡಿಗೆ ವಿಮೆ ಇತ್ತು. ಆದರೆ ಓಡಿಸಿದವರಿಗೆ ಲೈಸೆನ್ಸ್ ಇರಲಿಲ್ಲ. ಪರಿಹಾರದ ಹಣ ಮನೆಯವರ ತಲೆ ಮೇಲೆ ಬಂತು. ಎರಡು ಸೀಮೆ ಹಸು ಮಾರಿದರು. "ಹಸು ಹೋದದ್ದಕ್ಕಿಂತ ಆ ಮುದುಕರು ಕೋಲು ಊರಿಕೊಂಡು ನಡೆಯೋದು ನೋಡಿದಾಗ ಹೊಟ್ಟೆ ಉರಿಯುತ್ತೆ. ನಾನು ಯಾರ ಹತ್ತಿರವೂ ಸರಿಯಾಗಿ ಕಲಿತಿರಲಿಲ್ಲ" ಅಂದರು ಆ ಅಕ್ಕ. ಲೈಸೆನ್ಸಿಗೆ ಮೊದಲು ಅರ್ಜಿ ಬರೆದವರು ಅವರೇ.

ಲೈಸೆನ್ಸ್ ಅಂದರೆ ಬರೀ ಪೊಲೀಸರಿಗೆ ತೋರಿಸೋ ಕಾರ್ಡು ಅಲ್ಲ. ಈಕೆ ಗಾಡಿ ಕಲಿತಿದ್ದಾಳೆ, ರಸ್ತೆ ನಿಯಮ ತಿಳಿದಿದ್ದಾಳೆ ಅಂತ ಸರ್ಕಾರ ಕೊಡುವ ಪತ್ರ ಅದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ರಸ್ತೆಯಲ್ಲಿ ಗಾಡಿ ಓಡಿಸುವ ಹಾಗಿಲ್ಲ. ಹಳ್ಳಿ ರಸ್ತೆಗೂ ಇದೇ ಕಾನೂನು. ಪೇಟೆ ರಸ್ತೆಗೂ ಇದೇ ಕಾನೂನು.

ಯಾರು ಪಡೆಯಬಹುದು?

ವಯಸ್ಸು 18 ತುಂಬಿರಬೇಕು. ಸ್ಕೂಟರಿಗಾಗಲಿ ಬೈಕಿಗಾಗಲಿ ಇಷ್ಟನೇ ತರಗತಿ ಓದಿರಬೇಕು ಅಂತ ನಿಯಮ ಇಲ್ಲ. ಇದನ್ನು ನಾವು ಎರಡು ಸಲ ಕೇಳಿ ತಿಳಿದುಕೊಂಡೆವು. ಶಾಲೆಗೆ ಹೋಗದ ನಮಗೂ ಲೈಸೆನ್ಸ್ ಸಿಗುತ್ತದೆ.

ಗಾಡಿಯಲ್ಲಿ ಎರಡು ಬಗೆ. ಸ್ಕೂಟರು, ಮೊಪೆಡ್ಡುಗಳಿಗೆ ಗೇರು ಇರುವುದಿಲ್ಲ. ಬೈಕಿಗೆ ಗೇರು ಇರುತ್ತದೆ. ಗೇರು ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಪಡೆದವರು ಗೇರು ಇರುವ ಬೈಕು ಓಡಿಸಬಾರದು. ಮಾಲೂರಿನ ಒಬ್ಬ ತಂಗಿಯ ಮನೆಯಲ್ಲಿ ಇದ್ದದ್ದು ಗಂಡನ ಬೈಕು ಒಂದೇ. ಅವಳು ಗೇರು ಇರುವ ಗಾಡಿಗೇ ಅರ್ಜಿ ಹಾಕಿದಳು. ನಿಮ್ಮ ಮನೆಯಲ್ಲಿ ಯಾವ ಗಾಡಿ ಇದೆ ಅಂತ ನೋಡಿ ಅರ್ಜಿ ಹಾಕಿ.

"ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ" ಅಂತ ಕೆಲವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, ತೀರಾ ಕಡಿಮೆ ಶಕ್ತಿಯ ಬ್ಯಾಟರಿ ಗಾಡಿಗೆ ಮಾತ್ರ ಬೇಡ. ಬಾಕಿ ಬ್ಯಾಟರಿ ಗಾಡಿಗಳಿಗೆ ಬೇಕೇ ಬೇಕು.

ಮೊದಲ ಮೆಟ್ಟಿಲು: ಎಲ್‌ಎಲ್‌ಆರ್

ಕಲಿಯೋಕೆ ಕೊಡುವ ಅನುಮತಿಗೆ ಎಲ್‌ಎಲ್‌ಆರ್ ಅನ್ನುತ್ತಾರೆ. ಇದನ್ನು ಪಡೆದ ಮೇಲೆಯೇ ರಸ್ತೆಗೆ ಗಾಡಿ ಇಳಿಸಬೇಕು. ಇದಕ್ಕೆ ಪ್ರಾದೇಶಿಕ ಸಾರಿಗೆ ಕಚೇರಿ, ಅಂದರೆ ಆರ್‌ಟಿಓ ಆಫೀಸಿಗೆ ಅರ್ಜಿ ಹಾಕಬೇಕು. ಸಾರಥಿ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಕಂಪ್ಯೂಟರ್ ಮೂಲಕವೂ ಅರ್ಜಿ ಹಾಕಬಹುದು. ನಿಮ್ಮ ಊರು ಯಾವ ಕಚೇರಿಗೆ ಸೇರುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಕೆಎ 07 ಅಂತ ಶುರುವಾಗುವ ನಂಬರು ಕೋಲಾರ ಕಚೇರಿಯದು.

ವಯಸ್ಸಿನ ಪುರಾವೆ, ವಿಳಾಸದ ಪುರಾವೆ ಬೇಕು. ಎಲ್ಲ ಕಾಗದದಲ್ಲೂ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮಿ ಅಂತ ಇದ್ದರೆ ತೊಂದರೆ. ಮೊದಲೇ ಓದಿ ನೋಡಿ, ತಪ್ಪಿದ್ದರೆ ಸರಿ ಮಾಡಿಸಿ. ಕಣ್ಣು ಚೆನ್ನಾಗಿ ಕಾಣಬೇಕು. 40 ವರ್ಷ ದಾಟಿದವರಿಗೆ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ.

ಅರ್ಜಿಯಲ್ಲಿ ಸಹಿ ಹಾಕಬಹುದು, ಹೆಬ್ಬೆಟ್ಟೂ ಒತ್ತಬಹುದು. ನಾವೆಲ್ಲ ಸಹಿ ಹಾಕಿದೆವು. "ನೀವು ಸುಮ್ಮನೆ ಸಹಿ ಹಾಕಮ್ಮ, ಮಿಕ್ಕಿದ್ದು ನಾನು ಬರಕೊಳ್ತೀನಿ" ಅನ್ನುವ ಮಧ್ಯವರ್ತಿಗಳು ಸಿಗುತ್ತಾರೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಓದಿ, ಆಮೇಲೆ ಸಹಿ ಹಾಕಿ. ನಾವು ಅಕ್ಷರ ಕಲಿತದ್ದು ಅದಕ್ಕೇ ಅಲ್ಲವೇ?

ಎಲ್‌ಎಲ್‌ಆರ್ ಕೊಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಇರುತ್ತದೆ. ರಸ್ತೆ ನಿಯಮದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಕನ್ನಡದಲ್ಲೇ ಉತ್ತರ ಕೊಡಬಹುದು. ನೂರಕ್ಕೆ 60 ಭಾಗ ಸರಿ ಉತ್ತರ ಬಂದರೆ ಪಾಸು. ನಮ್ಮಲ್ಲಿ ಇಬ್ಬರು ಮೊದಲ ಸಲ ಪಾಸಾಗಲಿಲ್ಲ. ಓದೋದು ನಿಧಾನ, ಹೊತ್ತು ಮುಗಿದುಹೋಯಿತು. ಅವರು ಒಂದು ವಾರ ದಿನಾ ಸಂಜೆ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದರು. ಎರಡನೇ ಸಲ ಪಾಸಾದರು.

ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಗಾಡಿಯ ಮುಂದೆ, ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ 'ಎಲ್' ಅಕ್ಷರ ಹಾಕಬೇಕು. ಇಂಗ್ಲಿಷಿನಲ್ಲಿ ನಾವು ಮೊದಲು ಕಲಿತ ಅಕ್ಷರ ಅದೇ. ಕಲಿಯುವಾಗ ಹಿಂದೆ ಬೇರೆ ಯಾರನ್ನೂ ಕೂರಿಸಿಕೊಳ್ಳಬಾರದು. ಲೈಸೆನ್ಸ್ ಇದ್ದು ಕಲಿಸುವವರು ಮಾತ್ರ ಕೂರಬಹುದು.

ಎರಡನೇ ಮೆಟ್ಟಿಲು: ಕಲಿಯೋದು

ನಮಗೆ ಕಲಿಸಿದವರು ನಮ್ಮೂರಿನ ಆಶಾ ಕಾರ್ಯಕರ್ತೆ. ಅವರಿಗೆ ಲೈಸೆನ್ಸ್ ಇತ್ತು. ಕಲಿಯೋಕೆ ಜಾಗ ಬೇಕಲ್ಲ? ಹಿಂದೆ ನಮ್ಮ ಕಡೆ ಒಣಗಿದ ಕೆರೆ ಅಂಗಳವೇ ಮೈದಾನ ಆಗಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನಮ್ಮ ಕೆರೆಯಲ್ಲೂ ನೀರು ನಿಂತಿತು. ಹಾಗಾಗಿ ಭಾನುವಾರ ಶಾಲೆ ಮೈದಾನದಲ್ಲಿ ಕಲಿತೆವು.

ಮೊದಲ ದಿನ ಎಂಜಿನ್ ಶುರು ಮಾಡಲಿಲ್ಲ. ಗಾಡಿ ಸ್ಟ್ಯಾಂಡ್ ಹಾಕೋದು, ತೆಗೆಯೋದು ಕಲಿತೆವು. ಗಾಡಿ ತಳ್ಳಿಕೊಂಡು ಮೈದಾನ ಸುತ್ತಿದೆವು. ಅದರ ಭಾರ ಕೈಗೆ ಗೊತ್ತಾಯಿತು.

ಎರಡನೇ ದಿನ ಬ್ರೇಕು. ಸ್ಕೂಟರಿನಲ್ಲಿ ಎಡಗೈ ಬ್ರೇಕು ಹಿಂದಿನ ಚಕ್ರಕ್ಕೆ, ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಬೈಕಿನಲ್ಲಿ ಎಡಗೈಗೆ ಕ್ಲಚ್ಚು, ಎಡಗಾಲಿಗೆ ಗೇರು, ಬಲಗಾಲಿಗೆ ಹಿಂದಿನ ಬ್ರೇಕು, ಬಲಗೈಗೆ ಮುಂದಿನ ಬ್ರೇಕು. ಎರಡು ಬ್ರೇಕನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. ಮುಂದಿನ ಬ್ರೇಕು ಒಂದನ್ನೇ ಜೋರಾಗಿ ಹಿಡಿದರೆ, ಅದರಲ್ಲೂ ಮರಳಿನ ಮೇಲೆ, ಗಾಡಿ ಜಾರಿ ಬೀಳುತ್ತದೆ.

ಮೂರನೇ ದಿನ ಎಂಜಿನ್ ಶುರು ಮಾಡಿದೆವು. ಬಲಗೈಯಲ್ಲಿ ಎಕ್ಸಲೇಟರ್ ಇರುತ್ತದೆ. ಅದನ್ನು ನಮ್ಮ ಕಡೆಗೆ ತಿರುಗಿಸಿದರೆ ಗಾಡಿ ಮುಂದೆ ಓಡುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲೇ. ಹೆದರಿಕೆಯಾದ ಕೂಡಲೇ ಕೈ ಬಿಗಿಯಾಗುತ್ತದೆ. ಎಕ್ಸಲೇಟರ್ ಇನ್ನೂ ತಿರುಗುತ್ತದೆ. ಗಾಡಿ ನುಗ್ಗಿಬಿಡುತ್ತದೆ. ನಮ್ಮಲ್ಲಿ ಒಬ್ಬಾಕೆ ಹೀಗೇ ಹೋಗಿ ಹೊಂಗೆ ಗಿಡಕ್ಕೆ ಗುದ್ದಿದಳು. ಮೊಣಕೈ ತರಚಿತು. ಅಂದಿನಿಂದ ನಾವೆಲ್ಲ ಒಂದು ಮಾತು ಕಲಿತೆವು. "ಹೆದರಿದರೆ ಬಲಗೈ ಸಡಿಲ ಬಿಡು, ಆಮೇಲೆ ಬ್ರೇಕು ಹಿಡಿ." ಇದನ್ನು ಬಾಯಲ್ಲಿ ಹೇಳಿಕೊಂಡೇ ಮೈದಾನ ಸುತ್ತಿದೆವು.

ಸೈಕಲ್ ಬರುವವರು ವಾರದಲ್ಲೇ ಕಲಿತರು. ಸೈಕಲ್ ಬಾರದವರಿಗೆ ತಿಂಗಳು ಹಿಡಿಯಿತು. ಕೊನೆಗೆ ಎಲ್ಲರೂ ಕಲಿತರು.

ಉಡುಪು, ಹೆಲ್ಮೆಟ್

ಸೀರೆ ಉಟ್ಟು ಗಾಡಿ ಓಡಿಸಬಹುದು. ಆದರೆ ಸೆರಗನ್ನು ಸುತ್ತಿ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಬೇಕು. ಚೂಡಿದಾರದ ವೇಲು ಕೂಡ ಹಾಗೇ ಕಟ್ಟಬೇಕು. ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಗಾಡಿಗೆ ಅಡ್ಡ ಇರಬೇಕು ಅಂತ ನಿಯಮವೇ ಇದೆ. ಅದಕ್ಕೆ ಸ್ಯಾರಿ ಗಾರ್ಡ್ ಅನ್ನುತ್ತಾರೆ. ಅಂದ ಕೆಡುತ್ತೆ ಅಂತ ಗಂಡುಮಕ್ಕಳು ಅದನ್ನು ಬಿಚ್ಚಿಸುತ್ತಾರೆ. ಬಿಚ್ಚಿಸೋಕೆ ಬಿಡಬೇಡಿ.

ಹೆಲ್ಮೆಟ್ ಓಡಿಸುವವರಿಗೂ ಬೇಕು, ಹಿಂದೆ ಕೂರುವವರಿಗೂ ಬೇಕು. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ 2016ರಲ್ಲಿ ಕಡ್ಡಾಯವಾಯಿತು. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು. ಐಎಸ್‌ಐ ಗುರುತು ನೋಡಿ ಕೊಳ್ಳಿ. ಗದ್ದದ ಕೆಳಗಿನ ಪಟ್ಟಿ ಹಾಕದಿದ್ದರೆ ಹೆಲ್ಮೆಟ್ ಇದ್ದೂ ಇಲ್ಲದ ಹಾಗೆ. ತುರುಬು ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಜಡೆ ಹಾಕಿ.

ಗಾಡಿಯ ಮೇಲೆ ಇಬ್ಬರೇ ಕೂರಬೇಕು. ಗಂಡ, ಹೆಂಡತಿ, ಮಕ್ಕಳು, ಮೂಟೆ ಎಲ್ಲ ಒಂದೇ ಗಾಡಿಯಲ್ಲಿ ಹೋಗೋದು ತಪ್ಪು.

ನಮ್ಮ ರಸ್ತೆಗಳ ಪಾಠ

ರಸ್ತೆ ಪಕ್ಕದ ಫಲಕಗಳನ್ನು ಆಕಾರದಿಂದಲೇ ಗುರುತಿಸಬಹುದು. ದುಂಡಗಿನ ಫಲಕ ಆಜ್ಞೆ, ಪಾಲಿಸಲೇಬೇಕು. ಮೂರು ಮೂಲೆಯ ಫಲಕ ಎಚ್ಚರಿಕೆ. ನೀಲಿ ಬಣ್ಣದ ಚೌಕ ಮಾಹಿತಿ. ಎಂಟು ಮೂಲೆಯ ಕೆಂಪು ಫಲಕ ಕಂಡರೆ ನಿಲ್ಲಬೇಕು.

ನಮ್ಮ ನಾಲ್ಕು ತಾಲ್ಲೂಕಿನ ರಸ್ತೆಗಳು ನಮಗೆ ಬೇರೆ ಬೇರೆ ಪಾಠ ಕಲಿಸಿದವು.

ಕೋಲಾರ: ಟೊಮೆಟೊ ಮಾರುಕಟ್ಟೆ ಹತ್ತಿರ ಲಾರಿ, ಟೆಂಪೊ ಜಾಸ್ತಿ. ರಸ್ತೆಗೆ ಬಿದ್ದ ಹಣ್ಣಿನ ಮೇಲೆ ಚಕ್ರ ಜಾರುತ್ತದೆ. ನಿಧಾನವಾಗಿ ಹೋಗಿ.

ಮಾಲೂರು: ಇಟ್ಟಿಗೆ ಲಾರಿಗಳು ಓಡಾಡುತ್ತವೆ. ಲಾರಿಯ ಎಡಪಕ್ಕಕ್ಕೆ ನುಗ್ಗಬೇಡಿ. ಅಲ್ಲಿ ಇರುವ ನೀವು ಡ್ರೈವರಿಗೆ ಕಾಣುವುದಿಲ್ಲ.

ಮುಳಬಾಗಿಲು: ಬೆಂಗಳೂರಿನಿಂದ ಬರುವ 75ನೇ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾದುಹೋಗುತ್ತದೆ. ತಿರುವು ದೂರ ಇದೆ ಅಂತ ಎದುರು ದಿಕ್ಕಿನಲ್ಲಿ ಹೋಗಬೇಡಿ. ಎರಡು ನಿಮಿಷ ಉಳಿಸಲು ಹೋಗಿ ಜೀವ ಕಳೆದುಕೊಂಡವರು ಇದ್ದಾರೆ.

ಶ್ರೀನಿವಾಸಪುರ: ಮಾವಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಸಾಲು ಇರುತ್ತದೆ. ರಾತ್ರಿ ಹೊತ್ತು ಕೆಲವು ಟ್ರೈಲರುಗಳ ಹಿಂದೆ ದೀಪ ಇರುವುದಿಲ್ಲ. ದೂರ ಬಿಟ್ಟು ಹೋಗಿ.

ಎಲ್ಲ ಕಡೆಗೂ ಸೇರಿದ ಒಂದು ಮಾತು ಇದೆ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುತ್ತೇವೆ. ಹುಲ್ಲಿನ ಮೇಲೆ ಬ್ರೇಕು ಹಿಡಿದರೆ ಗಾಡಿ ಜಾರುತ್ತದೆ. ನಾವೇ ಗಾಡಿ ಓಡಿಸೋಕೆ ಶುರು ಮಾಡಿದ ಮೇಲೆ ಇದು ಅರ್ಥವಾಯಿತು. ಈಗ ನಾವು ಕಣದಲ್ಲೇ ಒಕ್ಕಣೆ ಮಾಡುತ್ತೇವೆ.

ಮೂರನೇ ಮೆಟ್ಟಿಲು: ಪಕ್ಕಾ ಲೈಸೆನ್ಸ್

ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆ ಓಡಿಸುವ ಪರೀಕ್ಷೆಗೆ ಹೋಗಬಹುದು. 6 ತಿಂಗಳು ಮುಗಿಯುವುದರ ಒಳಗೆ ಹೋಗಬೇಕು. ಮೋಟಾರು ವಾಹನ ನಿರೀಕ್ಷಕರು ಪರೀಕ್ಷೆ ಮಾಡುತ್ತಾರೆ. ಕಾಲು ನೆಲಕ್ಕೆ ಊರದೆ 8ರ ಆಕಾರದಲ್ಲಿ ಓಡಿಸಬೇಕು. ತಿರುಗುವಾಗ ಇಂಡಿಕೇಟರ್ ಹಾಕಬೇಕು. ನಾವು ಮೈದಾನದಲ್ಲಿ ರಂಗೋಲಿ ಪುಡಿಯಿಂದ 8 ಬರೆದು ಅದರ ಮೇಲೆಯೇ ಗಾಡಿ ಓಡಿಸಿ ಅಭ್ಯಾಸ ಮಾಡಿದ್ದೆವು.

ಪಾಸಾಗದಿದ್ದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಹೋಗಿಯೂ ಆಗದಿದ್ದರೆ 60 ದಿನ ಕಾಯಬೇಕು.

2016ರ ಕೇಂದ್ರ ನಿಯಮದಲ್ಲಿ ಹೇಳಿದ ಶುಲ್ಕ ಹೀಗಿದೆ. ಒಂದು ಬಗೆಯ ಗಾಡಿಯ ಎಲ್‌ಎಲ್‌ಆರ್‌ಗೆ 150 ರೂಪಾಯಿ. ಅದರ ಪರೀಕ್ಷೆಗೆ 50 ರೂಪಾಯಿ. ಓಡಿಸುವ ಪರೀಕ್ಷೆಗೆ 300 ರೂಪಾಯಿ. ಲೈಸೆನ್ಸ್ ಕಾರ್ಡಿಗೆ 200 ರೂಪಾಯಿ. ಹೋಗುವ ಮುಂಚೆ ಈಗಿನ ಶುಲ್ಕ ಎಷ್ಟು ಅಂತ ಕಚೇರಿಯಲ್ಲಿ ಕೇಳಿ. ಹಣ ಕಟ್ಟಿದ್ದಕ್ಕೆ ರಸೀದಿ ಪಡೆಯಿರಿ.

ಲೈಸೆನ್ಸಿಗೂ ಅವಧಿ ಇದೆ. 30 ವರ್ಷದ ಒಳಗಿನವರು ಪಡೆದರೆ 40 ವರ್ಷ ಆಗುವ ತನಕ ನಡೆಯುತ್ತದೆ. 30ರಿಂದ 50 ವರ್ಷದ ಒಳಗಿನವರಿಗೆ 10 ವರ್ಷ. ಕಾರ್ಡಿನ ಮೇಲೆ ಕೊನೆಯ ತಾರೀಖು ಇರುತ್ತದೆ. ಓದಿ ನೆನಪಿಟ್ಟುಕೊಳ್ಳಿ.

ಗಾಡಿ ತೆಗೆಯುವಾಗ ನಾಲ್ಕು ಕಾಗದ ಇರಬೇಕು: ಲೈಸೆನ್ಸ್, ಗಾಡಿಯ ನೋಂದಣಿ ಪತ್ರ, ವಿಮೆ ಪತ್ರ, ಹೊಗೆ ತಪಾಸಣೆ ಪತ್ರ. ಬ್ಯಾಟರಿ ಗಾಡಿಗೆ ಹೊಗೆ ಪತ್ರ ಬೇಡ.

ತಾಯಂದಿರಿಗೆ ಒಂದು ಮಾತು

18 ತುಂಬದ ಮಗನಿಗೆ ಗಾಡಿ ಕೀ ಕೊಡಬೇಡಿ. 2019ರಲ್ಲಿ ಕಾನೂನು ಬಿಗಿ ಆಯಿತು. ಅಂಥ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಂದೆ ತಾಯಿ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು ಆಗಬಹುದು. "ಅಂಗಡಿಗೆ ಹೋಗಿ ಬಾರೋ" ಅಂತ ನಾವೇ ಕೀ ಕೊಟ್ಟು ಕಳಿಸುತ್ತಿದ್ದೆವು. ಈಗ ಅಂಗಡಿಗೆ ನಾವೇ ಹೋಗುತ್ತೇವೆ.

ಕಾರ್ಡು ಬಂತು

ಅಂಚೆಯಲ್ಲಿ ಲೈಸೆನ್ಸ್ ಬಂದ ದಿನ ನಾವೆಲ್ಲ ಕಲಿಕಾ ಕೇಂದ್ರದಲ್ಲಿ ಸೇರಿದ್ದೆವು. ರೇಷನ್ ಕಾರ್ಡು ನೋಡಿದ್ದೆವು. ಬ್ಯಾಂಕ್ ಪುಸ್ತಕ ನೋಡಿದ್ದೆವು. "ಇದು ನಾವು ಪರೀಕ್ಷೆ ಬರೆದು ಪಡೆದದ್ದು" ಅಂದರು ಮುಳಬಾಗಿಲಿನ ಅಕ್ಕ. ಅವರು ಈಗ ಊರ ಮುಂದೆ ಗಾಡಿ ನಿಧಾನ ಮಾಡಿ, ಎರಡು ಕಡೆ ನೋಡಿ, ಆಮೇಲೆ ಮುಂದೆ ಹೋಗುತ್ತಾರೆ.

ಶ್ರೀನಿವಾಸಪುರದ ಆ ಹುಡುಗಿ ಈಗ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಈ ಸಲದ ಪರೀಕ್ಷೆಗೂ ಒಂದು ದಿನ ಬಸ್ಸು ಬರಲಿಲ್ಲ. ತಾಯಿ ಗೂಟದಿಂದ ಕೀ ತೆಗೆದಳು. ಇಬ್ಬರೂ ಹೆಲ್ಮೆಟ್ ಹಾಕಿಕೊಂಡರು. ಅರ್ಧ ಗಂಟೆ ಮುಂಚೆ ಹೋಗಿ ಸೇರಿದರು.

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲಿ ಗಾಡಿ ಇದೆಯೇ? ಕೀ ಎಲ್ಲಿದೆ?

ಅಭ್ಯಾಸ

1. ಈ ಪದಗಳನ್ನು ಓದಿ, ಎರಡು ಸಲ ಬರೆಯಿರಿ: ಲೈಸೆನ್ಸ್, ಹೆಲ್ಮೆಟ್, ಬ್ರೇಕು, ರಸೀದಿ, ಹೆದ್ದಾರಿ, ನಿರೀಕ್ಷಕರು.

2. ಬಿಟ್ಟ ಜಾಗ ತುಂಬಿ:
ಲೈಸೆನ್ಸ್ ಪಡೆಯಲು ____ ವರ್ಷ ತುಂಬಿರಬೇಕು.
ಹೆದರಿದರೆ ____ ಸಡಿಲ ಬಿಡಬೇಕು.
ಮೂರು ಮೂಲೆಯ ಫಲಕ ____ ಹೇಳುತ್ತದೆ.

3. ಲೆಕ್ಕ ಮಾಡಿ: 150, 50, 300, 200 ರೂಪಾಯಿ ಸೇರಿದರೆ ಒಟ್ಟು ಎಷ್ಟು? ಮಧ್ಯವರ್ತಿ 2,500 ರೂಪಾಯಿ ಕೇಳಿದರೆ ಎಷ್ಟು ಹೆಚ್ಚು ಕೇಳಿದ ಹಾಗಾಯಿತು?

4. ನಿಮ್ಮ ಆಧಾರ್ ಕಾರ್ಡು, ರೇಷನ್ ಕಾರ್ಡು ತೆಗೆಯಿರಿ. ಎರಡರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ? ಓದಿ ನೋಡಿ.

5. ಕೂಡಿ ಮಾತಾಡಿ: ಮುಳಬಾಗಿಲಿನ ಅಕ್ಕನಿಗೆ ಆದ ಕಷ್ಟವನ್ನು ತಪ್ಪಿಸಬಹುದಿತ್ತೇ? ಹೇಗೆ? ನಿಮ್ಮ ಊರಿನ ರಸ್ತೆಯಲ್ಲಿ ಅಪಾಯದ ಜಾಗ ಯಾವುದು? ಅದನ್ನು ಸರಿಪಡಿಸಲು ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಎಲ್ಲರೂ ಸಹಿ ಹಾಕಿ.